ಬಶೀರ್ ಸಾಹೇಬರ ರಸ್ಕ್ ಮತ್ತು ನನ್ನ ಕೆಂಪು ಪಟ್ಟಿ

ಕೋವಿಡ್ ಗಲಾಟೆ ತಣ್ಣಗಾದ ಎರಡನೇ ವರ್ಷ. ಶಿವಮೊಗ್ಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಡಯಟೀಷಿಯನ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಡಯಟೀಷಿಯನ್ ಎಂದರೆ ವಾರ್ಡಿನ ಪ್ರತಿ ರೋಗಿಗೆ ಏನು ಊಟ, ಎಷ್ಟು, ಯಾವ ಹೊತ್ತಿಗೆ ಎಂದು ಚೀಟಿ ಬರೆದು ಅಡುಗೆಮನೆಗೆ ಕಳಿಸುವವಳು. ಮಂಗಳವಾರ ಶಿವಮೊಗ್ಗದಲ್ಲೇ ಸಕ್ಕರೆ ಕಾಯಿಲೆಯ ಕ್ಲಿನಿಕ್, ಗುರುವಾರ ಬಸ್ಸು ಹತ್ತಿ ಭದ್ರಾವತಿಯ ಆಸ್ಪತ್ರೆಗೆ. ಭದ್ರಾವತಿ ನಾನು ಹುಟ್ಟಿ ಬೆಳೆದ ಊರು. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹಾಗಾಗಿ ಗುರುವಾರದ ಡ್ಯೂಟಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ.

ವಾರ್ಡಿನಲ್ಲಿ ನನಗೊಂದು ಅಡ್ಡಹೆಸರಿತ್ತು, ಬಿಸ್ಕತ್ ಪೊಲೀಸ್. ಹೆಸರಿಗೆ ತಕ್ಕಂತೆಯೇ ಇದ್ದೆ ಅನ್ನಿ. ಬೆಳಿಗ್ಗೆ ರೌಂಡ್ಸ್ ಹೋದರೆ ರೋಗಿಗಳು ಬಿಸ್ಕತ್ ಪೊಟ್ಟಣವನ್ನು ತಲೆದಿಂಬಿನ ಕೆಳಗೆ ತಳ್ಳುತ್ತಿದ್ದರು, ನಾನು ದಿಂಬೆತ್ತಿ ತೆಗೆಯುತ್ತಿದ್ದೆ. ನೋಡಲು ಬಂದವರ ಕೈಯಲ್ಲಿ ಬ್ರೆಡ್ಡು ಕಂಡರೆ ಬಾಗಿಲಲ್ಲೇ ಭಾಷಣ. ಸಂಸ್ಕರಿಸಿದ ಆಹಾರ, ಅಂದರೆ ಬೀಸಿ, ಒಣಗಿಸಿ, ಹುದುಗಿಸಿ, ಕೆಡದ ಹಾಗೆ ಮಾಡಿ ಪೊಟ್ಟಣ ಕಟ್ಟಿದ್ದೆಲ್ಲ ವಿಷ ಎಂದು ನಾನು ಹೇಳುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ.

ನನ್ನನ್ನು ಎದುರು ಹಾಕಿಕೊಳ್ಳುತ್ತಿದ್ದವರು ಒಬ್ಬರೇ, ಅಡುಗೆಮನೆಯ ಗಂಗಮ್ಮ. ನನಗಿಂತ ಹಿರಿಯರು. ಕೆಲಸ ಖಾಯಂ ಆಗದಿದ್ದರೂ ಮಾತು ಖಾಯಂ. ಒಂದು ದಿನ ಅವಲಕ್ಕಿ ತೊಳೆಯುತ್ತಾ ಕೇಳಿದರು.

“ಅಲ್ಲ ಮಾರಾಯ್ತಿ, ಮಿಲ್ಲಿಂದ ಬಂದದ್ದೆಲ್ಲ ಕೆಟ್ಟದ್ದು ಅಂತೀಯಲ್ಲ, ಈ ಅವಲಕ್ಕಿ ಏನು ಗದ್ದೇಲಿ ಚಪ್ಪಟೆಯಾಗೇ ಬೆಳೀತದಾ?”

ನಾನು ನಕ್ಕೆ. ಉತ್ತರ ಹೊಳೆಯದಿದ್ದಾಗ ನಗುವುದು ನನಗೆ ಮೊದಲಿನಿಂದ ಅಭ್ಯಾಸ.

ಆ ದಿನಗಳಲ್ಲಿ ನಾನೊಂದು ಡಯಟ್ ಚಾರ್ಟ್ ತಯಾರಿಸಿದ್ದೆ. ಎಡಕ್ಕೆ ಹಸಿರು ಕಾಲಂ, ತಲೆಬರಹ ‘ಒಳ್ಳೆಯದು’. ಬಲಕ್ಕೆ ಕೆಂಪು ಕಾಲಂ, ತಲೆಬರಹ ‘ಕೆಟ್ಟದ್ದು’. ಹಸಿರಿನಲ್ಲಿ ಸಿರಿಧಾನ್ಯ, ಮೊಳಕೆ ಕಾಳು, ಸೊಪ್ಪು, ಹಸಿ ತರಕಾರಿ. ಕೆಂಪಿನಲ್ಲಿ ಬನ್, ಬ್ರೆಡ್, ರಸ್ಕ್, ಬಿಸ್ಕತ್, ಚಿಪ್ಸ್, ಬಾಟಲಿ ಪಾನೀಯ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಪೊಟ್ಟಣದಲ್ಲಿ ಬರುವುದು ಯಾವುದೂ ಮನೆಯೊಳಗೆ ಬರಬಾರದು. ಮನೆಯವರೆಲ್ಲ ಒಂದೇ ಊಟ ಮಾಡಬೇಕು.’ ಒಬ್ಬರು ಪಥ್ಯ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ಜಾಮೂನು ತಿಂದರೆ ಪಥ್ಯ ನಿಲ್ಲುವುದಿಲ್ಲ, ಅದಕ್ಕೆ. ಎರಡು ಬಣ್ಣ ನೋಡಿ ಡಾಕ್ಟರುಗಳೂ ಹೊಗಳಿದ್ದರು, ನಾನು ಸ್ವಲ್ಪ ಉಬ್ಬಿಯೂ ಇದ್ದೆ.

ಆ ಚಾರ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ನನ್ನಲ್ಲಿ ಸಾಕ್ಷಿಯಿತ್ತು. ಭದ್ರಾವತಿಯ ಖುರ್ಷಿದ್ ಬೀ ಎಂಬ ಹೆಂಗಸು, ಅರವತ್ತು ದಾಟಿದವರು, ಶಿವಮೊಗ್ಗದ ಮಂಗಳವಾರದ ಕ್ಲಿನಿಕ್ಕಿಗೆ ಬರುತ್ತಿದ್ದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ೧ಸಿ ಎಂಬ ಪರೀಕ್ಷೆ ಇದೆ. ಏಳರ ಆಸುಪಾಸಿನಲ್ಲಿದ್ದರೆ ನಮಗೆ ನೆಮ್ಮದಿ. ಅವರದು ಮೊದಲ ಸಲ ೧೦.೨ ಇತ್ತು. ಚಾರ್ಟು ಕೊಟ್ಟು ಎರಡು ಪರೀಕ್ಷೆ ಕಳೆಯುವಷ್ಟರಲ್ಲಿ ೭.೧ಕ್ಕೆ ಇಳಿದಿತ್ತು.

“ಮಗಳು ಟೀಚರ್ ಮೇಡಂ. ನೀವು ಬರೆದಿದ್ದು ಒಂದಕ್ಷರ ಬಿಡಲ್ಲ ಅವಳು,” ಎಂದಿದ್ದರು. ನಾನು ಆ ಮಾತನ್ನು ಮುಂದಿನ ಮೂರು ರೋಗಿಗಳಿಗೆ ಹೇಳಿ ಮೆರೆದಿದ್ದೆ.

ಇದೆಲ್ಲ ಆದ ಮೇಲೆ ಒಂದು ಗುರುವಾರ ಭದ್ರಾವತಿಯಲ್ಲಿ ಟಿಬಿ ವಿಭಾಗದ ಡಾಕ್ಟರು ಒಂದು ಫೈಲು ಕಳಿಸಿದರು. ರೋಗಿಯ ಹೆಸರು ಬಶೀರ್ ಸಾಹೇಬ್, ವಯಸ್ಸು ಎಪ್ಪತ್ತು. ಶ್ವಾಸಕೋಶದ ಕ್ಷಯ. ಚಿಕಿತ್ಸೆ ಆರು ತಿಂಗಳು, ಎರಡು ತಿಂಗಳು ಮುಗಿದಿತ್ತು. ಕಫ ಪರೀಕ್ಷೆ ನೆಗೆಟಿವ್ ಬಂದಿತ್ತು, ಅಂದರೆ ಮಾತ್ರೆ ಕೆಲಸ ಮಾಡುತ್ತಿತ್ತು. ಆದರೆ ಶುರುವಿನಲ್ಲಿ ನಲವತ್ತಾರು ಕೆಜಿ ಇದ್ದ ಮನುಷ್ಯ ನಲವತ್ಮೂರೂವರೆಗೆ ಇಳಿದಿದ್ದರು. ಟಿಬಿಯಲ್ಲಿ ಮಾತ್ರೆ ಹತ್ತುತ್ತಿದೆ ಎಂದರೆ ತೂಕವೂ ಹತ್ತಬೇಕು.

ಅವರು ಒಬ್ಬರೇ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಅನ್ನುವಷ್ಟು ಸಣಕಲು. ಫೈಲಿನಲ್ಲಿ ಉದ್ಯೋಗ ಎಂಬ ಖಾಲಿ ಜಾಗವಿತ್ತು. ಮುಖ ನೋಡಿ ನಾನೇ ‘ಇಲ್ಲ’ ಎಂದು ತುಂಬಿದೆ. ಆಮೇಲೆ ರೀಕಾಲ್ ಶುರುಮಾಡಿದೆ. ನಿನ್ನೆ ಬೆಳಗಿನಿಂದ ಮಲಗುವವರೆಗೆ ಏನೇನು ತಿಂದಿರಿ ಎಂದು ಸಾಲಾಗಿ ಕೇಳಿ ಬರೆದುಕೊಳ್ಳುವ ವಿಧಾನ ಅದು. ಅವರು ಹೇಳುತ್ತಾ ಹೋದರು. ಬೆಳಿಗ್ಗೆ ಮೊಳಕೆ ಕಾಳು. ಮಧ್ಯಾಹ್ನ ನವಣೆ ರೊಟ್ಟಿ, ಸೊಪ್ಪಿನ ಪಲ್ಯ, ಸೌತೆಕಾಯಿ. ರಾತ್ರಿ ಮತ್ತೆ ರೊಟ್ಟಿ. ಬಿಸ್ಕತ್ತಿಲ್ಲ, ಬ್ರೆಡ್ಡಿಲ್ಲ.

ನನಗೆ ಎಷ್ಟು ಖುಷಿಯಾಯಿತೆಂದರೆ, ನಾಚಿಕೆಯಾಗುತ್ತದೆ ಹೇಳಲು, “ಭೇಷ್!” ಎಂದುಬಿಟ್ಟೆ. ಹೀಗೇ ಮುಂದುವರಿಸಿ, ಇನ್ನೂ ಸ್ವಲ್ಪ ಜಾಸ್ತಿ ತಿನ್ನಿ ಎಂದು ಕಳಿಸಿದೆ. ಫೈಲಿನಲ್ಲಿ ‘ಆಹಾರ ಉತ್ತಮ’ ಎಂದು ಬರೆದೆ. ಅವರು ಹೇಳಿದ್ದು ತಟ್ಟೆಗೆ ಬಡಿಸಿದ್ದನ್ನು. ಹೊಟ್ಟೆಗೆ ಹೋದದ್ದೆಷ್ಟು ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು ಮಾಡಬಾರದ ತಪ್ಪು ಅದು.

ಮುಂದಿನ ತಿಂಗಳು ಅವರ ತೂಕ ನಲವತ್ತೆರಡು. ಡಾಕ್ಟರು ಈ ಸಲ ಫೈಲು ಕಳಿಸಲಿಲ್ಲ, ತಾವೇ ನನ್ನ ಕೋಣೆಗೆ ಬಂದರು.

“ಮಾತ್ರೆ ತಗೊಂಡ ಕೂಡಲೇ ವಾಂತಿ ಆಗ್ತಿದೆ ಅಂತಾರೆ. ಹೊಟ್ಟೇಲಿ ಏನೂ ಇಲ್ಲದಿದ್ರೆ ಮಾತ್ರೆ ಹೇಗೆ ನಿಲ್ಲತ್ತೆ? ಈ ಮನುಷ್ಯ ಸದ್ಯದಲ್ಲೇ ಮಾತ್ರೆ ಬಿಡ್ತಾರೆ ಅನ್ನಿಸ್ತಿದೆ ನನಗೆ. ಒಂದ್ಸಲ ಮನೆಗೆ ಹೋಗಿ ನೋಡ್ತೀರಾ?”

ಟಿಬಿಯಲ್ಲಿ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ರೋಗ ತಿರುಗಿ ಬೀಳುತ್ತದೆ. ಹಾಗೆ ಬಿದ್ದಾಗ ಹಳೆಯ ಮಾತ್ರೆಗೆ ಜಗ್ಗದೆಯೂ ಇರಬಹುದು. ನಲವತ್ತೆರಡು ಕೆಜಿಯ ದೇಹ ಅದನ್ನು ತಡೆದುಕೊಳ್ಳುವ ಮಾತಿರಲಿಲ್ಲ. ಅದೇ ಸಂಜೆ ಆಟೋ ಹಿಡಿದು ಊರಿನ ಹಳೇನಗರದಲ್ಲಿದ್ದ ಅವರ ಮನೆಗೆ ಹೋದೆ.

ಬಾಗಿಲು ತೆರೆದವರು ಖುರ್ಷಿದ್ ಬೀ.

“ಅಯ್ಯೋ ಮೇಡಂ, ನೀವಾ! ಬನ್ನಿ ಬನ್ನಿ. ನಸ್ರೀನ್, ಯಾರು ಬಂದಿದ್ದಾರೆ ನೋಡು. ನನ್ನ ಶುಗರ್ ಇಳಿಸಿದ್ರಲ್ಲ, ಆ ಮೇಡಂ!”

ಬಶೀರ್ ಸಾಹೇಬರು ಅವರ ಗಂಡ ಎಂದು ನನಗೆ ಗೊತ್ತಾದದ್ದು ಆ ಹೊಸ್ತಿಲ ಮೇಲೆ. ಹೆಂಡತಿಯ ಫೈಲು ಶಿವಮೊಗ್ಗದಲ್ಲಿ, ಗಂಡನದು ಭದ್ರಾವತಿಯಲ್ಲಿ. ಎರಡನ್ನೂ ನೋಡುತ್ತಿದ್ದವಳು ನಾನೊಬ್ಬಳೇ ಆಗಿದ್ದರೂ ಯಾರ ಮನೆ, ಯಾರ ಸಂಸಾರ ಎಂದು ಕೇಳಿರಲಿಲ್ಲ. ಮಗಳು ನಸ್ರೀನ್ ಆಗ ತಾನೇ ಶಾಲೆಯಿಂದ ಬಂದಿದ್ದಳು, ಕೈಯಲ್ಲಿ ಇನ್ನೂ ಚಾಕ್‌ಪುಡಿ ಇತ್ತು. ಅಡುಗೆಮನೆ ತೋರಿಸಮ್ಮ ಎಂದೆ.

ಅಡುಗೆಮನೆಯ ಗೋಡೆಯ ಮೇಲೆ ಒಂದು ಡ್ರಾಯಿಂಗ್ ಶೀಟು. ನನ್ನ ಚಾರ್ಟನ್ನೇ ನಾಲ್ಕು ಪಾಲು ದೊಡ್ಡದಾಗಿ, ಮುತ್ತಿನಂಥ ಅಕ್ಷರದಲ್ಲಿ ಅವಳು ಬರೆದು ಅಂಟಿಸಿದ್ದಳು. ಹಸಿರು ಕಾಲಂ, ಕೆಂಪು ಕಾಲಂ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

“ಅಬ್ಬಾಗೆ ಬೇರೆ ಅಡುಗೆ ಮಾಡಲ್ವಾ?” ಎಂದು ಕೇಳಿದೆ.

“ಇಲ್ಲ ಮೇಡಂ. ನೀವೇ ಹೇಳಿದ್ರಲ್ಲ, ಮನೆಯವರೆಲ್ಲ ಒಂದೇ ಊಟ ಅಂತ. ಅಬ್ಬಾನೇ ಮೊದಲು ಒಪ್ಪಿದ್ದು. ಅಮ್ಮಿ ಎದುರಿಗೆ ನಾನು ತಿಂದ್ರೆ ಅವಳಿಗೆ ಆಸೆ ಆಗ್ತದೆ ಅಂದ್ರು.”

ಬೀರುವಿನ ಮೇಲೆ ಸಾಲಾಗಿ ಇಟ್ಟಿದ್ದ ಡಬ್ಬಿಗಳು ಕಣ್ಣಿಗೆ ಬಿದ್ದವು. ಟಿಬಿ ರೋಗಿಗಳಿಗೆ ಆಸ್ಪತ್ರೆಯಿಂದ ಕೊಟ್ಟಿದ್ದ ಪ್ರೊಟೀನ್ ಪುಡಿ. ಮೂರು ಡಬ್ಬಿ, ಮೂರರ ಸೀಲೂ ಒಡೆದಿರಲಿಲ್ಲ.

“ಇದನ್ನ ಯಾಕೆ ಕೊಟ್ಟಿಲ್ಲ?”

ನಸ್ರೀನ್ ಗೋಡೆಯ ಕಡೆ ಕೈ ತೋರಿಸಿದಳು. “ಕೊನೇ ಸಾಲು ನೋಡಿ ಮೇಡಂ. ಇದೂ ಪೊಟ್ಟಣದ್ದೇ ಅಲ್ವಾ? ಆಸ್ಪತ್ರೆಯವರು ಪ್ರೀತಿಯಿಂದ ಕೊಟ್ಟಿದ್ದನ್ನ ವಾಪಸ್ ಮಾಡೋದು ಹೇಗೆ ಅಂತ ಹಾಗೇ ಇಟ್ಟಿದ್ದೀನಿ.”

ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದವರ ಮೇಲೆ ಪಾಠ ಹೇಳಿದವಳು ಹೇಗೆ ಸಿಟ್ಟಾಗುವುದು?

ಹೊರಗಿನ ಕೋಣೆಯಲ್ಲಿ ಬಶೀರ್ ಸಾಹೇಬರು ಮಂಚದ ಮೇಲೆ ಕೂತಿದ್ದರು. ಬಾಯಿ ತೆರೆಯಿರಿ ಎಂದೆ. ಮೇಲೆ ಒಂದು ಹಲ್ಲು, ಕೆಳಗೆ ಮೂರು. ಕಟ್ಟಿಸಿದ ಹಲ್ಲಿನ ಸೆಟ್ಟು ದವಡೆ ಇಳಿದ ಮೇಲೆ ಹೊಂದದೆ ಡಬ್ಬಿಯಲ್ಲಿತ್ತು. ಹೋದ ತಿಂಗಳ ಓಪಿಡಿಯ ಗಡಿಬಿಡಿಯಲ್ಲಿ ಅದನ್ನೂ ನಾನು ನೋಡಿರಲಿಲ್ಲ.

“ಹಲ್ಲಿಲ್ಲದೆ ನವಣೆ ರೊಟ್ಟಿ ಹೇಗೆ ತಿಂತೀರಿ ಸಾಹೇಬ್ರೇ?”

“ಒಂದು ಚೂರು ನೆನೆಸ್ಕೊಂಡು ತಿಂತೀನಿ. ಉಳಿದದ್ದು ಗಂಟಲಲ್ಲಿ ಇಳಿಯಲ್ಲ ಅಮ್ಮಾ. ಕಷ್ಟಪಟ್ಟು ಮಾಡ್ತಾರೆ ಪಾಪ, ಬೇಡ ಅನ್ನೋಕೆ ಮನಸ್ಸಾಗಲ್ಲ.”

“ಮೊದಲು ಏನು ತಿಂತಿದ್ರಿ?”

ಅವರು ಹೆಂಡತಿಯ ಕಡೆ ನೋಡಿದರು. ಖುರ್ಷಿದ್ ಬೀ ಹೇಳಿದರು. “ರಸ್ಕ್ ಮೇಡಂ. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು, ಹಾಲಲ್ಲಿ ಅದ್ದಿಕೊಂಡು. ನಲವತ್ತು ವರ್ಷ ಬೇಕರಿ ಭಟ್ಟಿ ಮುಂದೆ ನಿಂತವರಲ್ವಾ ಇವ್ರು, ಇವ್ರಿಗೆ ಅದೇ ಊಟ.”

ಉದ್ಯೋಗ ‘ಇಲ್ಲ’ ಎಂದು ತುಂಬಿದ್ದವಳು ನಾನು. ಯಾವ ಬೇಕರಿ ಎಂದು ಕೇಳಿದೆ. ಕಾರ್ಖಾನೆ ಗೇಟಿಗೆ ಹೋಗುವ ರಸ್ತೆ, ಸೈಕಲ್ ರಿಪೇರಿ ಅಂಗಡಿಯ ಪಕ್ಕ ಎಂದರು. ಒಮ್ಮೆಲೇ ಮೂಗಿಗೆ ವಾಸನೆ ಬಂದ ಹಾಗಾಯಿತು.

ಆ ರಸ್ತೆಯನ್ನು ನಾನು ಮರೆಯುವುದು ಹೇಗೆ? ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ, ಸೈರನ್ ಕೂಗಿ ಅರ್ಧ ಗಂಟೆಯೊಳಗೆ ಕ್ವಾರ್ಟರ್ಸಿಗೆ ಬರುತ್ತಿದ್ದರು. ಸೈಕಲ್ ಹ್ಯಾಂಡಲಿಗೆ ನ್ಯೂಸ್‌ಪೇಪರಿನ ಪೊಟ್ಟಣ ತೂಗುತ್ತಿತ್ತು. ದಾರದ ಗಂಟು ಬಿಚ್ಚುವ ಹಕ್ಕು ನನ್ನದು. ರಸ್ಕ್ ಇನ್ನೂ ಬೆಚ್ಚಗಿರುತ್ತಿತ್ತು, ಏಲಕ್ಕಿ ಘಮ. ಪಕ್ಕದ ಮನೆಯ ತಮಿಳು ಅಕ್ಕ, ಎದುರು ಮನೆಯ ತೆಲುಗು ಮಾವ, ಎಲ್ಲರ ಮನೆಯ ಚಹಾದ ಪಕ್ಕ ಅದೇ ರಸ್ಕ್. ಅಮ್ಮನಿಗೆ ಟೈಫಾಯಿಡ್ ಆಗಿ ಹದಿನೈದು ದಿನ ಅನ್ನ ಸೇರದೆ ಹೋದಾಗ ಹಾಲಲ್ಲಿ ಅದ್ದಿದ ಆ ರಸ್ಕೇ ಅವರನ್ನು ಎಬ್ಬಿಸಿ ಕೂರಿಸಿತ್ತು. ಅಷ್ಟೆಲ್ಲ ತಿಂದು ಬೆಳೆದು, ಓದಿ, ಸರ್ಕಾರಿ ಕುರ್ಚಿಯಲ್ಲಿ ಕೂತು ಅದನ್ನು ಕೆಂಪು ಕಾಲಮಿಗೆ ಹಾಕಿದ್ದೆ.

ಬಶೀರ್ ಸಾಹೇಬರು ಆಗ ಮಾತಾಡಿದರು, ನನ್ನ ಮುಖ ನೋಡದೆ.

“ಮಗಳು ಆ ಹಾಳೆ ಅಂಟಿಸಿದ ದಿನ ನಿಂತು ಓದಿದೆ ಅಮ್ಮಾ. ಬನ್, ಬ್ರೆಡ್, ರಸ್ಕ್, ಬಿಸ್ಕತ್. ನಾನು ಮಾಡಿದ್ದೆಲ್ಲ ಅಲ್ಲೇ ಇತ್ತು. ಮೇಲೆ ಕೆಟ್ಟದ್ದು ಅಂತ. ಇಷ್ಟು ವರ್ಷ ಊರಿಗೆ ಕೆಟ್ಟದ್ದನ್ನೇ ತಿನ್ನಿಸಿದ್ನಾ ನಾನು?”

ನಸ್ರೀನ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪನ ಕೈಕೆಲಸವನ್ನೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ, ನನ್ನ ಹಾಗೆಯೇ.

ಆಸ್ಪತ್ರೆಯಲ್ಲಾಗಿದ್ದರೆ ನನಗೆ ಮಾತಿಗೆ ಬರವಿರಲಿಲ್ಲ. ಆ ಮನೆಯಲ್ಲಿ ಹೇಳಲು ಸಿಕ್ಕಿದ್ದು ನ್ಯೂಸ್‌ಪೇಪರ್ ಪೊಟ್ಟಣದ ಕಥೆಯೊಂದೇ. ಸೈಕಲ್ಲು, ಸೈರನ್, ಅಮ್ಮನ ಟೈಫಾಯಿಡ್, ಎಲ್ಲ ಹೇಳಿದೆ. “ನೀವು ಮಾಡಿದ್ದನ್ನ ತಿಂದು ಬೆಳೆದವಳು ನಾನು ಸಾಹೇಬ್ರೇ. ಆ ಹಾಳೆ ಬರೆದದ್ದು ನನ್ನ ತಪ್ಪು,” ಎಂದೆ.

ಅವರು ಈಗ ನನ್ನ ಕಡೆ ತಿರುಗಿದರು. “ಏಲಕ್ಕಿ ಹಾಕ್ತಿದ್ದದ್ದು ನೆನಪಿದೆಯಾ ನಿಮಗೆ? ಅದು ನನ್ನದೇ ಐಡಿಯಾ,” ಎಂದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ ಕಾಗದದಲ್ಲಿ ಸುತ್ತಿದ ಮಾತ್ರೆಗಳನ್ನು ತೆಗೆದು ಮಂಚದ ಮೇಲಿಟ್ಟರು.

“ನಾಲ್ಕು ದಿನದ್ದು. ನುಂಗಿಲ್ಲ. ಮನೆಯವ್ರಿಗೆ ಗೊತ್ತಿಲ್ಲ.”

ಖುರ್ಷಿದ್ ಬೀ ಆ ಮಾತ್ರೆಗಳನ್ನು ಕೈಗೆತ್ತಿಕೊಂಡರು. “ನನ್ನ ಶುಗರ್ ಇಳೀಲಿ ಅಂತ ನೀವು ಹೀಗಾದ್ರಾ? ಯಾರು ಕೇಳಿದ್ರು ನಿಮ್ಮನ್ನ?” ಎಂದು ಅಳುತ್ತಲೇ ಬೈದರು. ಬೈಗುಳ ಮುಗಿಯುವ ಮೊದಲೇ ನಸ್ರೀನ್ ಚಪ್ಪಲಿ ಮೆಟ್ಟಿ ಬೀದಿ ತುದಿಯ ಅಂಗಡಿಗೆ ಓಡಿದ್ದಳು.

ನಾನು ಪೆನ್ನು ತೆಗೆದು ಅಡುಗೆಮನೆಗೆ ಹೋಗಿ ಕೆಂಪು ಕಾಲಮಿನಲ್ಲಿದ್ದ ರಸ್ಕ್ ಎಂಬುದನ್ನು ಹೊಡೆದುಹಾಕಲು ಹೊರಟೆ. ಬಶೀರ್ ಸಾಹೇಬರು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದರು.

“ಅದನ್ನ ಅಳಿಸ್ಬೇಡಿ ಅಮ್ಮಾ. ಮೈದಾ, ಸಕ್ಕರೆ, ಡಾಲ್ಡಾ. ಎಷ್ಟೆಷ್ಟು ಹಾಕ್ತೀವಿ ಅಂತ ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಇವಳಿಗೆ ಅದು ಬೇಡವೇ ಬೇಡ. ಮೇಲಿನ ಮಾತು ತೆಗೀರಿ ಸಾಕು. ಅಲ್ಲಿ ಇವಳ ಹೆಸರು ಬರೀರಿ.”

ನಾನು ‘ಕೆಟ್ಟದ್ದು’ ಎಂಬುದನ್ನು ಹೊಡೆದು ಅದರ ಮೇಲೆ ‘ಖುರ್ಷಿದ್ ಬೀಗೆ ಬೇಡ’ ಎಂದು ಬರೆದೆ. ಪದವಿ ತೆಗೆದುಕೊಂಡ ಕಾಲೇಜಿನಲ್ಲಿ ನನಗೆ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಒಬ್ಬ ಬೇಕರಿ ಕೆಲಸದವರು ಒಂದೇ ಮಾತಿನಲ್ಲಿ ತಮ್ಮ ರಸ್ಕನ್ನೂ ಉಳಿಸಿಕೊಂಡರು, ಹೆಂಡತಿಯ ಪಥ್ಯವನ್ನೂ ಉಳಿಸಿದರು.

ರಸ್ಕ್ ಬಂತು. ಬಿಸಿ ಹಾಲಿನ ಲೋಟಕ್ಕೆ ಒಂದನ್ನು ಅದ್ದಿ, ಎತ್ತಿ, ಕೆಲಸಗಾರನ ಕಣ್ಣಿನಿಂದ ಅದನ್ನು ನೋಡಿ, “ಎರಡನೇ ಸುಡೋದು ಕಮ್ಮಿ ಆಗಿದೆ,” ಎಂದು ಗೊಣಗಿ ಬಾಯಿಗಿಟ್ಟರು. ಮೂರು ತಿಂದರು. ನನಗೂ ಒಂದು ಕೊಟ್ಟರು, ಬಿಸ್ಕತ್ ಪೊಲೀಸ್ ಮಾತಿಲ್ಲದೆ ತಿಂದಳು.

ಆ ರಾತ್ರಿಯೇ ಟಿಬಿ ಡಾಕ್ಟರಿಗೆ ಫೋನಿನಲ್ಲಿ ನಾಲ್ಕು ದಿನದ ವಿಷಯ ತಿಳಿಸಿದೆ. ಅವರು ಮರುದಿನ ಕರೆಸಿಕೊಂಡು ಪರೀಕ್ಷೆ ಮಾಡಿ, ವಾಂತಿಗೆ ಔಷಧಿ ಕೊಟ್ಟು, ಮಾತ್ರೆ ಮತ್ತೆ ಶುರುಮಾಡಿಸಿದರು. ನಾನು ಹೊಸ ಚೀಟಿ ಬರೆದೆ. ಹಾಲಿನಲ್ಲಿ ಅದ್ದಿದ ರಸ್ಕ್, ಪ್ರೊಟೀನ್ ಪುಡಿ ಕಲಸಿದ ರಾಗಿ ಗಂಜಿ, ಮೊಟ್ಟೆ, ಮೆತ್ತಗಿನ ಅನ್ನ, ಬೇಳೆಕಟ್ಟು. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ. ರಸ್ಕಿಗೆ ಬೇರೆ ಡಬ್ಬಿ, ಅದರ ಕಾವಲು ಖುರ್ಷಿದ್ ಬೀಯದೇ. ಆಸೆ ಆಗಲ್ವಾ ಎಂದು ಕೇಳಿದರೆ, “ಇವ್ರು ಹಿಂಗೆ ಒಣಗೋದನ್ನ ನೋಡಿದ ಮೇಲೆ ಆಸೆ ಎಲ್ಲಿಂದ ಬರತ್ತೆ ಮೇಡಂ,” ಎಂದರು. ಅವರ ಸಕ್ಕರೆ ಏರಲಿಲ್ಲ. ಸಾಹೇಬರ ತೂಕ ಮೊದಲ ತಿಂಗಳು ನಲವತ್ಮೂರಕ್ಕೆ ಬಂತು, ಆಮೇಲೆ ನಲವತ್ತೈದೂವರೆ, ಚಿಕಿತ್ಸೆ ಮುಗಿಯುವ ಹೊತ್ತಿಗೆ ನಲವತ್ತೊಂಬತ್ತು.

ಕಾರ್ಖಾನೆಗಳು ಪೊಟ್ಟಣ ಕಟ್ಟಿ ಮಾರುವುದೆಲ್ಲ ಅಮೃತ ಎಂದು ನಾನೀಗ ಹೇಳುತ್ತಿಲ್ಲ. ಮಕ್ಕಳ ಕೈಯಲ್ಲಿ ಮೂರು ಹೊತ್ತೂ ಚಿಪ್ಸ್ ಪೊಟ್ಟಣ, ಬಣ್ಣದ ಬಾಟಲಿ ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವಲಕ್ಕಿ, ಹಪ್ಪಳ, ಮೊಸರು, ಪ್ರೊಟೀನ್ ಪುಡಿ, ರಸ್ಕ್, ಬಾಟಲಿ ಪಾನೀಯ, ಇವನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿ ಕೆಟ್ಟದ್ದು ಎಂದು ಕೂಗಿದ್ದು ಸೋಮಾರಿತನ. ಹಾಗೆ ಕೂಗಿದರೆ ಎದುರಿಗಿರುವವರನ್ನು ನೋಡುವ ಕೆಲಸ ತಪ್ಪುತ್ತದೆ ನೋಡಿ. ಆ ವಾರವೇ ಹಳೆಯ ಚಾರ್ಟುಗಳ ಕಟ್ಟನ್ನು ಗಂಗಮ್ಮನಿಗೆ ಕೊಟ್ಟೆ. ಗ್ಯಾಸ್ ಒಲೆ ಹತ್ತಿಸಲು ಕಾಗದ ಬೇಡವಲ್ಲ, ಅವರು ಅದನ್ನು ಡಬ್ಬಿಗಳ ಕೆಳಗೆ ಹಾಸಿದರು. ಹೊಸ ಚಾರ್ಟಿನಲ್ಲಿ ಬಣ್ಣವಿರಲಿಲ್ಲ. ಮೇಲೆ ಹೆಸರು ಬರೆಯಲು ಜಾಗ, ಅದರ ಕೆಳಗೆ ಮೂರು ಪ್ರಶ್ನೆ. ಹಲ್ಲು ಹೇಗಿದೆ? ಮನೆಯಲ್ಲಿ ಇನ್ನು ಯಾರಿದ್ದಾರೆ, ಅವರಿಗೇನು ಕಾಯಿಲೆ? ಏನು ಕೆಲಸ ಮಾಡುತ್ತಿದ್ದಿರಿ? ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು, ಅದೂ ಮುಗಿಯುವ ಹೊತ್ತಿಗೆ.

ಕೊನೆಯ ತಪಾಸಣೆಯ ಗುರುವಾರ ಬಶೀರ್ ಸಾಹೇಬರು ಅದೇ ಬಿಳಿ ಅಂಗಿಯಲ್ಲಿ ಬಂದರು. ಈ ಸಲ ಅಂಗಿಯೊಳಗೆ ಮನುಷ್ಯ ಇದ್ದರು. ಅವರ ಎದುರಿಗೇ ಫೈಲು ತೆರೆದು ಉದ್ಯೋಗದ ಜಾಗದಲ್ಲಿ ನಾನು ಬರೆದಿದ್ದ ‘ಇಲ್ಲ’ ಎಂಬುದನ್ನು ಹೊಡೆದೆ. ‘ಬೇಕರಿಯಲ್ಲಿ ರಸ್ಕ್ ಮಾಡುತ್ತಿದ್ದರು, ನಲವತ್ತು ವರ್ಷ’ ಎಂದು ಬರೆದು ಅವರ ಕಡೆ ತಿರುಗಿಸಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಓದಿ, ಬೆರಳನ್ನು ಒಂದು ಪದದ ಮೇಲಿಟ್ಟು ನನ್ನನ್ನು ನೋಡಿದರು.

“ಮಾಡುತ್ತಿದ್ದರು ಅಂತ ಯಾಕೆ ಬರೆದ್ರಿ? ಸೋಮವಾರದಿಂದ ಹೋಗ್ತಿದ್ದೀನಿ ಅಮ್ಮಾ. ಭಟ್ಟಿ ಹತ್ರ ಅಲ್ಲ, ಸ್ಟೂಲ್ ಹಾಕ್ಕೊಂಡು ಕೂತು ಹಿಟ್ಟಿನ ಹದ ಹೇಳಿಕೊಡೋಕೆ. ಸರಿಯಾಗಿ ಬರೀರಿ.”

ನಾನು ಸರಿಯಾಗಿ ಬರೆದೆ.